ಸಶಿಕೊ: ದಾರ ಎಲ್ಲಿ ಕಾಣಬೇಕು, ಎಲ್ಲಿ ಅಡಗಬೇಕು

ಗಾಢ ನೀಲಿ ಬಟ್ಟೆ. ಅದರ ಮೇಲೆ ಅಕ್ಕಿಕಾಳು ಸಾಲಾಗಿ ಇಟ್ಟ ಹಾಗೆ ಬಿಳಿ ಹೊಲಿಗೆ. ಜಪಾನಿನ ಕೈಹೊಲಿಗೆ ಸಶಿಕೊ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವ ಚಿತ್ರ ಇದೇ. ಆದರೆ ಈಗ ಸಾಸಿವೆ ಹಳದಿ, ಪಾಚಿ ಹಸಿರು, ದಾಳಿಂಬೆ ಕೆಂಪು ಸಶಿಕೊ ದಾರಗಳೂ ಸಿಗುತ್ತವೆ. ಒಂದೇ ಲಡಿಯಲ್ಲಿ ನಾಲ್ಕೈದು ಬಣ್ಣ ಬದಲಾಗುತ್ತಾ ಹೋಗುವ ದಾರವೂ ಇದೆ. ಅದರಲ್ಲಿ ಹೊಲಿದ ಕೋಸ್ಟರ್, ಪುಟ್ಟ ಪೌಚ್ ನೋಡಿದವರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: ಇದು ನಿಜವಾದ ಸಶಿಕೊನಾ?

ನನಗೂ ಮೊದಲು ಇದೇ ಅನುಮಾನ ಇತ್ತು. ಓದುತ್ತಾ, ಹೊಲಿಯುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಸಶಿಕೊದ ಗುರುತು ಇರುವುದು ಬಣ್ಣದಲ್ಲಿ ಅಲ್ಲ, ಹೊಲಿಗೆ ಹೊಲಿಗೆಯ ನಡುವೆ ಬಿಡುವ ಖಾಲಿ ಜಾಗದಲ್ಲಿ. ದಾರ ಎಲ್ಲಿ ಬಟ್ಟೆಯ ಮೇಲೆ ಬರುತ್ತದೆ, ಎಲ್ಲಿ ಅಡಿಗೆ ಹೋಗುತ್ತದೆ ಅನ್ನುವುದು ಅರ್ಥವಾದರೆ ವಿನ್ಯಾಸಗಳೂ ಅರ್ಥವಾಗುತ್ತವೆ, ಬಣ್ಣ ಆರಿಸುವುದೂ ಸುಲಭವಾಗುತ್ತದೆ.

ಸಶಿಕೊ ಎಂಬ ಹೆಸರು ಬಂದದ್ದು 'ಚುಚ್ಚುವುದು' ಎಂಬ ಅರ್ಥದ ಜಪಾನಿ ಮಾತಿನಿಂದ. ಹೊಲಿಗೆ ಒಂದೇ ಒಂದು. ಮೇಲೆ ಬಂದು, ಅಡಿಗೆ ಹೋಗಿ, ಮತ್ತೆ ಮೇಲೆ ಬರುವ ಕಚ್ಚಾ ಹೊಲಿಗೆ. ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವ ರನ್ನಿಂಗ್ ಸ್ಟಿಚ್ ಅದು. ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆ ಸೀರೆ, ಧೋತರ ಜೋಡಿಸಿ ಕೌದಿ ಹೊಲಿಯುವಾಗ ಹಾಕುವುದೂ ಇದನ್ನೇ. ಜಪಾನಿನಲ್ಲಿ ಇದು ಬೆಳೆದದ್ದೂ ಅದೇ ಥರದ ಅಗತ್ಯದಿಂದ. ಸವೆದ ಜಾಗಕ್ಕೆ ತೇಪೆ ಹಾಕಬೇಕು, ತೆಳು ಬಟ್ಟೆಗಳನ್ನು ಪದರ ಪದರವಾಗಿ ಸೇರಿಸಿ ದಪ್ಪ ಮಾಡಬೇಕು, ಚಳಿ ತಡೆಯಬೇಕು.

ನೀಲಿ–ಬಿಳಿ ಎಲ್ಲಿಂದ ಬಂತು

ಎದೋ ಕಾಲ ಅಂದರೆ 1603ರಿಂದ 1868. ಆ ಕಾಲದಲ್ಲಿ ಜಪಾನಿನ ಮುಖ್ಯ ದ್ವೀಪದ ಉತ್ತರ ತುದಿಯ ರೈತರನ್ನು ನೆನೆಸಿಕೊಳ್ಳಿ. ಈಗಿನ ಅಒಮೊರಿ ಪ್ರಾಂತ ಅದು. ಹಿಮ ಸುರಿಯುವ ನಾಡು. ಹತ್ತಿ ಅಲ್ಲಿ ಬೆಳೆಯುವುದಿಲ್ಲ. ಬೆಳೆಯುವುದು ಹೆಂಪ್ ಎಂಬ ನಾರಿನ ಗಿಡ. ಹೆಂಪ್ ಬಟ್ಟೆ ಬಲವಾಗಿರುತ್ತದೆ, ಆದರೆ ನೇಯ್ಗೆಯ ಕಣ್ಣುಗಳಲ್ಲಿ ಗಾಳಿ ನುಗ್ಗುತ್ತದೆ. ದಕ್ಷಿಣದಿಂದ ಹತ್ತಿ ಬರುತ್ತಿದ್ದದ್ದು ಹಡಗಿನಲ್ಲಿ, ಅದರಲ್ಲೂ ಎಷ್ಟೋ ಹಳೆ ಬಟ್ಟೆಯ ರೂಪದಲ್ಲಿ. ಬೆಲೆ ಜಾಸ್ತಿ. ಅದು ಸಾಲದು ಎಂಬಂತೆ ಅಲ್ಲಿನ ತ್ಸುಗಾರು ಸಂಸ್ಥಾನ 1724ರಲ್ಲಿ ರೈತರ ಉಡುಪಿನ ಮೇಲೆ ಕಟ್ಟುಪಾಡು ಹಾಕಿತು. ರೈತರು ಹೆಂಪ್ ಬಟ್ಟೆಯನ್ನೇ ಉಡಬೇಕು, ಹತ್ತಿ ಬಟ್ಟೆ ಉಡುವಂತಿಲ್ಲ.

ಹೆಣ್ಣುಮಕ್ಕಳು ಇದಕ್ಕೆ ದಾರಿ ಕಂಡುಕೊಂಡರು. ನೀಲಿ ಹೆಂಪ್ ಬಟ್ಟೆಯ ಕಣ್ಣುಗಳನ್ನು ದಾರದಿಂದ ತುಂಬಿಸಿದರು. ಹತ್ತಿ ದಾರ ಸಿಗತೊಡಗಿದ ಮೇಲೆ ಬಿಳಿ ಹತ್ತಿ ದಾರದಲ್ಲಿ ತುಂಬಿಸಿದರು. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಹಾಕಿದ ಆ ಹೊಲಿಗೆಯಿಂದ ಎದೆ, ಭುಜ, ಬೆನ್ನಿನ ಭಾಗ ದಪ್ಪವಾಗಿ ಬೆಚ್ಚಗಾಯಿತು. ಸಶಿಕೊದ ಈ ಬಗೆಗೆ ಕೊಗಿನ್ ಅನ್ನುತ್ತಾರೆ. ಧಾರವಾಡದ ಕಸೂತಿಯಲ್ಲಿ 'ನೇಗಿ' ಹೊಲಿಗೆ ಗೊತ್ತಿದ್ದವರಿಗೆ ಕೊಗಿನ್ ತಕ್ಷಣ ಹಿಡಿಸುತ್ತದೆ. ಎರಡೂ ಎಳೆ ಎಣಿಸಿ ಹಾಕುವಂಥವು, ಎರಡೂ ನೇಯ್ದ ಹಾಗೇ ಕಾಣುತ್ತವೆ. ಕೊಗಿನ್‌ನಲ್ಲಿ ಲೆಕ್ಕ ಬೆಸ ಸಂಖ್ಯೆಯದು: ಒಂದು, ಮೂರು, ಐದು, ಏಳು ಎಳೆ. ಅದರ ಚಿಕ್ಕ ಚಿಕ್ಕ ವಿನ್ಯಾಸಗಳ ಹೆಸರುಗಳು ಎಷ್ಟು ಚೆನ್ನಾಗಿವೆ ಗೊತ್ತಾ? ಮಾಮೆಕೊ ಅಂದರೆ ಕಾಳು. ತೆಕೊನಾಕೊ ಅಂದರೆ ಚಿಟ್ಟೆ. ನೆಕೊನೊಮನಗು ಅಂದರೆ ಬೆಕ್ಕಿನ ಕಣ್ಣು.

ಅದೇ ಅಒಮೊರಿಯ ಪೂರ್ವ ಭಾಗದಲ್ಲಿ ನಾನ್ಬು ಎಂಬ ಸೀಮೆ. ಅಲ್ಲಿನ ಹಿಶಿಜಾಶಿ ಎಂಬ ಹೊಲಿಗೆಯಲ್ಲಿ ಲೆಕ್ಕ ಸಮ ಸಂಖ್ಯೆಯದು. ಹಾಗಾಗಿ ಅದರ ವಜ್ರದಾಕಾರ ಅಡ್ಡಕ್ಕೆ ಉದ್ದವಾಗಿರುತ್ತದೆ. ಕೊಗಿನ್‌ನದು ನೇರಕ್ಕೆ ಉದ್ದ. ಒಂದೇ ಒಂದು ಎಳೆಯ ಲೆಕ್ಕ ಬದಲಾದರೆ ಇಡೀ ಆಕಾರ ಮಲಗಿಕೊಳ್ಳುತ್ತದೆ!

ಬಣ್ಣದ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. 1891ರಲ್ಲಿ ಟೋಕಿಯೋದಿಂದ ಅಒಮೊರಿಯವರೆಗೆ ರೈಲು ಬಂತು. ಹತ್ತಿ ಸುಲಭವಾಗಿ ಸಿಗತೊಡಗಿತು. ಬಣ್ಣದ ಉಣ್ಣೆ ದಾರವೂ ಆ ಸೀಮೆಗೆ ಬಂತು. ಆಗ ನಾನ್ಬು ಹೆಂಗಸರು ಏನು ಮಾಡಿದರು? ತಮ್ಮ ಏಪ್ರನ್‌ಗಳನ್ನು ಕೆಂಪು, ಹಸಿರು, ನೇರಳೆ, ಹಳದಿ ಉಣ್ಣೆಯ ಹಿಶಿಜಾಶಿಯಿಂದ ತುಂಬಿಬಿಟ್ಟರು. ಇಪ್ಪತ್ತನೇ ಶತಮಾನದ ಶುರುವಿನ ಆ ಏಪ್ರನ್‌ಗಳ ಫೋಟೊ ನೋಡಿದರೆ ಇಂದಿನ ಬಣ್ಣದ ಕೋಸ್ಟರ್‌ಗಳು ಪೇಲವ ಅನ್ನಿಸುತ್ತವೆ. ಅಂದರೆ ನೀಲಿ–ಬಿಳಿ ಎನ್ನುವುದು ಆ ಜನರ ಇಷ್ಟ ಮಾತ್ರ ಆಗಿರಲಿಲ್ಲ. ಅವರ ಕೈಗೆ ಸಿಕ್ಕದ್ದು ಅಷ್ಟೇ ಆಗಿತ್ತು. ನಾರು ಬಟ್ಟೆಗೆ ಚೆನ್ನಾಗಿ ಹಿಡಿಯುವ ಬಣ್ಣ ನೀಲಿ. ಕಣ್ಣಿಗೆ ಹೊಡೆಯುವ ಬಣ್ಣಗಳ ಉಡುಪು ರೈತರಿಗೆ ಇಲ್ಲ ಎಂಬ ಕಟ್ಟುಪಾಡುಗಳೂ ಇದ್ದವು. ಬಣ್ಣ ಕೈಗೆ ಸಿಕ್ಕ ದಿನವೇ ಅವರು ಬಳಸಿದರು. ಹಾಗಾಗಿ ನೀವು ಗುಲಾಬಿ ದಾರ ಹಿಡಿದರೆ ಅದು ಸಂಪ್ರದಾಯ ಮುರಿದಂತೆ ಎಂದು ನಾನಂತೂ ಒಪ್ಪುವುದಿಲ್ಲ.

ಒಂದೇ ಹೊಲಿಗೆಯ ಒಳಗುಟ್ಟು

ಕೊಗಿನ್, ಹಿಶಿಜಾಶಿ ಎಳೆ ಎಣಿಸುವಂಥವು. ಸಣ್ಣ ಕೆಲಸಗಳಿಗೆ ಜನ ಹೆಚ್ಚು ಹಾಕುವುದು ಇನ್ನೆರಡು ಬಗೆ. ಮೊದಲನೆಯದು ಮೊಯೋಜಾಶಿ. ಬಟ್ಟೆಯ ಮೇಲೆ ಗೆರೆ ಬರೆದು, ಗೆರೆಯ ಗುಂಟ ಹೊಲಿಯುತ್ತಾ ಹೋಗುವುದು. ಒಂದರೊಳಗೊಂದು ಸೇರಿದ ವೃತ್ತಗಳ ಶಿಪ್ಪೊ, ಅಲೆಗಳ ಸೇಗೈಹಾ, ಹೆಂಪ್ ಎಲೆಯ ಅಸನೊಹಾ ಎಲ್ಲ ಈ ಬಗೆಯವು. ಹೆಂಪ್ ಗಿಡ ಬೇಗ ಬೇಗ ನೆಟ್ಟಗೆ ಬೆಳೆಯುತ್ತದಲ್ವಾ, ಮಗುವೂ ಹಾಗೇ ಬೆಳೆಯಲಿ ಎಂದು ಎಳೆ ಮಕ್ಕಳ ಬಟ್ಟೆಗೆ ಅಸನೊಹಾ ಹಾಕುತ್ತಿದ್ದರು. ಎರಡನೆಯದು ಹಿತೊಮೆಜಾಶಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊಯೋಜಾಶಿಯಲ್ಲಿ ಹೊಲಿಗೆಯ ಅಳತೆ ಹೀಗೆ: ಮೇಲೆ ಕಾಣುವ ದಾರ ಮೂರು ಪಾಲು, ಅಡಿಯಲ್ಲಿ ಅಡಗುವ ದಾರ ಎರಡು ಪಾಲು. ಮೇಲೆ 3 ಮಿಲಿಮೀಟರ್, ಅಡಿಗೆ 2 ಮಿಲಿಮೀಟರ್ ಅಂದುಕೊಳ್ಳಿ. 10 ಸೆಂಟಿಮೀಟರ್ ಗೆರೆಯಲ್ಲಿ ಇಪ್ಪತ್ತು ಹೊಲಿಗೆ ಬರುತ್ತವೆ. ಸ್ಕೇಲ್ ಇಟ್ಟು ಅಳೆಯಬೇಕಿಲ್ಲ. ಎಲ್ಲವೂ ಒಂದೇ ಸಮ ಇರಬೇಕು, ಕಾಣುವುದು ಅಡಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು, ಅಷ್ಟೇ. ಈ ಅಳತೆಯಿಂದಲೇ ಹೊಲಿಗೆ ಅಕ್ಕಿಕಾಳಿನ ಹಾಗೆ ಕಾಣುವುದು. ಬಿಟ್ಟ ಜಾಗ ಜಾಸ್ತಿಯಾದರೆ ಗೆರೆ ಚದುರಿ ಹೋಗುತ್ತದೆ. ಕಡಿಮೆಯಾದರೆ ಕಾಳು ಕಾಳಾಗಿ ಕಾಣದೆ ಒಂದು ಹಗ್ಗ ಕಂಡ ಹಾಗಾಗುತ್ತದೆ.

ಸಶಿಕೊ ದಾರ ಹತ್ತಿಯದು. ಹುರಿ ಸಡಿಲ, ಹೊಳಪಿಲ್ಲ, ಎಳೆ ಬಿಡಿಸಿ ಹೊಲಿಯುವಂಥದ್ದಲ್ಲ. ಹೊಳಪಿಲ್ಲದ್ದರಿಂದಲೇ ಬಣ್ಣ ಮೆತ್ತಗೆ ಕಾಣುತ್ತದೆ. ಜಪಾನಿನ ದಾರ ಸಿಗದಿದ್ದರೆ ಪರ್ಲ್ ಕಾಟನ್ 8ನೇ ನಂಬರ್ ನಡೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಆರೆಳೆಯ ಎಂಬ್ರಾಯ್ಡರಿ ದಾರವೂ ಆಗುತ್ತದೆ. ಆದರೆ ಅದು ಹೊಳೆಯುತ್ತದೆ, ಎಳೆಗಳು ಹರಡಿಕೊಳ್ಳುತ್ತವೆ. ಸೂಜಿ ಉದ್ದವಾಗಿ, ಗಟ್ಟಿಯಾಗಿ, ದೊಡ್ಡ ಕಣ್ಣಿನದಾಗಿ ಇರಬೇಕು. ಯಾಕೆ ಉದ್ದ? ಸಶಿಕೊದಲ್ಲಿ ಒಂದೊಂದೇ ಹೊಲಿಗೆ ಹಾಕಿ ದಾರ ಎಳೆಯುವುದಿಲ್ಲ. ಸೂಜಿಯನ್ನು ನೆಟ್ಟಗೆ ಹಿಡಿದು, ಬಟ್ಟೆಯನ್ನೇ ಮೇಲೆ ಕೆಳಗೆ ಆಡಿಸುತ್ತಾ ಐದಾರು ಹೊಲಿಗೆ ಸೂಜಿಯ ಮೇಲೇ ಏರಿಸಿ, ಆಮೇಲೆ ಒಮ್ಮೆಗೇ ಎಳೆಯುವುದು. ಸೂಜಿಯ ಹಿಂಬದಿಯನ್ನು ಒತ್ತುವುದು ಅಂಗೈಯಿಂದ. ಅದಕ್ಕೆ ನಡುಬೆರಳಿಗೆ ಉಂಗುರದಂತೆ ಹಾಕಿ ಅಂಗೈ ಕಡೆ ಬಿಲ್ಲೆ ಇರುವ ಅಂಗುಸ್ತಾನ ಬಳಸುತ್ತಾರೆ. ಹೀಗೆ ಹೊಲಿದಾಗ ಹೊಲಿಗೆಗಳು ತಾವಾಗೇ ಒಂದು ಸಾಲಿಗೆ ಬರುತ್ತವೆ. ಒಂದೊಂದೇ ಚುಚ್ಚಿದರೆ ಗೆರೆ ಸೊಟ್ಟಗಾಗುತ್ತದೆ.

ನನ್ನ ಮೊದಲ ಕೋಸ್ಟರ್ 10 ಸೆಂಟಿಮೀಟರ್ ಅಂತ ಶುರು ಮಾಡಿದ್ದು, ಮುಗಿದಾಗ 9 ಆಗಿ ಅಂಚು ಮೇಲೆದ್ದಿತ್ತು. ಆಮೇಲೆ ತಿಳಿಯಿತು, ನಾನು ಒಂದು ಹೆಜ್ಜೆ ಬಿಟ್ಟಿದ್ದೆ. ದಾರ ಎಳೆದ ಮೇಲೆ ಆ ಸಾಲನ್ನು ಬೆರಳಿನಿಂದ ತೀಡಬೇಕು. ಒಂದು ಕೈಯಲ್ಲಿ ಸಾಲಿನ ಶುರು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳು ತೋರುಬೆರಳಿನ ನಡುವೆ ಬಟ್ಟೆಯನ್ನು ಸವರುತ್ತಾ ಕೊನೆಯವರೆಗೆ ಹೋಗಬೇಕು. ಸುಕ್ಕಾಗಿದ್ದ ಬಟ್ಟೆ ಬಿಚ್ಚಿಕೊಂಡು, ಬೇಕಾದಷ್ಟು ದಾರ ಒಳಗೆ ಸೇರಿಕೊಳ್ಳುತ್ತದೆ. ಪ್ರತಿ ಸಾಲಿಗೂ ಇದನ್ನು ಮಾಡಬೇಕು. ಚೆನ್ನಾದ ಸಶಿಕೊಗೂ ಸುಮ್ನೆ ಹಾಕಿದ ರನ್ನಿಂಗ್ ಸ್ಟಿಚ್‌ಗೂ ಇರುವ ವ್ಯತ್ಯಾಸದಲ್ಲಿ ಅರ್ಧ ಈ ತೀಡುವುದರಲ್ಲೇ ಇದೆ ಅನ್ನುವುದು ನನ್ನ ಅನುಭವ.

ಇನ್ನು ಮೂಲೆ ಮತ್ತು ಕೂಡುವ ಜಾಗ. ಮೂಲೆ ಬಂದಾಗ ಹೊಲಿಗೆ ಸರಿಯಾಗಿ ಮೂಲೆಯ ಚುಕ್ಕಿಯಲ್ಲೇ ಮುಗಿಯಬೇಕು. ಇಲ್ಲದಿದ್ದರೆ ಮೂಲೆ ಮೊಂಡಾಗುತ್ತದೆ. ಗೆರೆಗಳು ಒಂದನ್ನೊಂದು ದಾಟುವ ಕಡೆ ಇದಕ್ಕೆ ಉಲ್ಟಾ. ಚುಕ್ಕಿಯನ್ನು ಖಾಲಿ ಬಿಡಬೇಕು. ಅಸನೊಹಾ ನೋಡಿ. ಅದರ ನಕ್ಷತ್ರದ ನಡುವಿನ ಒಂದೊಂದು ಚುಕ್ಕಿಗೆ 12 ಗೆರೆಗಳು ಬಂದು ಸೇರುತ್ತವೆ. ಎಲ್ಲ ದಾರವೂ ಚುಕ್ಕಿಯ ಮೇಲೇ ಹಾದರೆ ಅಲ್ಲಿ ಗಂಟಿನಂಥ ಉಬ್ಬು ಏಳುತ್ತದೆ. ಅದಕ್ಕೆ ಪ್ರತಿ ಗೆರೆಯೂ ಚುಕ್ಕಿಯ ಹತ್ತಿರ ಬಂದು ಅಡಿಗೆ ಇಳಿಯುತ್ತದೆ, ದಾಟಿದ ಮೇಲೆ ಎದ್ದು ಬರುತ್ತದೆ. ನಡುವೆ ಪುಟ್ಟ ಖಾಲಿ ವೃತ್ತ ಉಳಿಯುತ್ತದೆ. ಕಣ್ಣು ಹೋಗುವುದು ಆ ಖಾಲಿ ಜಾಗಕ್ಕೇ. ನಕ್ಷತ್ರ ಮಿನುಗಿದ ಹಾಗೆ ಕಾಣುವುದು ಅದರಿಂದ. ಅಳತೆ ಹೊಂದದಿದ್ದರೆ ಚುಕ್ಕಿಗೆ ಮೊದಲಿನ ಎರಡು ಮೂರು ಹೊಲಿಗೆಗಳನ್ನು ಕೂದಲೆಳೆಯಷ್ಟು ಹಿಗ್ಗಿಸಿಯೋ ಕುಗ್ಗಿಸಿಯೋ ಸರಿಮಾಡಿ.

ಹಿಂಬದಿಯಲ್ಲಿ ಒಂದು ಗೆರೆಯಿಂದ ಪಕ್ಕದ ಗೆರೆಗೆ ಹಾರಬಹುದು, 2 ಸೆಂಟಿಮೀಟರ್ ಒಳಗಿದ್ದರೆ. ಅಲ್ಲಿ ದಾರವನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಸಡಿಲ ಬಿಡಿ. ತಿರುವುಗಳಲ್ಲೂ ಅಷ್ಟೇ. ಎರಡೂ ಬದಿ ಕಾಣುವ ಬಟ್ಟೆಗೆ ಗಂಟು ಹಾಕುವುದಿಲ್ಲ. ಶುರುವಿನಲ್ಲಿ ಮೂರು ಹೊಲಿಗೆ ಹಿಂದಕ್ಕೆ ಹಾಕಿ, ಅದರ ಮೇಲೇ ಮುಂದಕ್ಕೆ ಹೊಲಿದು ಬಂದರೆ ದಾರ ಕಚ್ಚಿಕೊಳ್ಳುತ್ತದೆ. ಕೊನೆಯಲ್ಲೂ ಹಾಗೇ. ಧಾರವಾಡ ಕಸೂತಿ ಕಲಿತವರಿಗೆ ಈ ಗಂಟಿಲ್ಲದ ಶಿಸ್ತು ಹೊಸದೇನಲ್ಲ.

ಚುಕ್ಕಿ ಇಟ್ಟು ಹೊಲಿಯುವ ಹಿತೊಮೆಜಾಶಿ

ಚುಕ್ಕಿ ರಂಗೋಲಿ ಹಾಕಿ ಬೆಳೆದವರಿಗೆ ಹಿತೊಮೆಜಾಶಿ ಬಹಳ ಹಿಡಿಸುತ್ತದೆ. 5 ಮಿಲಿಮೀಟರ್ ಚೌಕುಳಿ ಬರೆಯಿರಿ. ಗೆರೆಗಳು ಕೂಡುವ ಕಡೆಯೆಲ್ಲ ಒಂದು ಚುಕ್ಕಿ ಇದೆ ಅಂದುಕೊಳ್ಳಿ. ಸೂಜಿ ಚುಚ್ಚುವುದು ಚುಕ್ಕಿಯಲ್ಲಿ ಮಾತ್ರ. ಒಂದು ಚುಕ್ಕಿಯಿಂದ ಮುಂದಿನ ಚುಕ್ಕಿಗೆ ದಾರ ಮೇಲೆ, ಅದರ ಮುಂದಿನದಕ್ಕೆ ಅಡಿಗೆ. ಇಲ್ಲಿ ಮೂರಕ್ಕೆ ಎರಡರ ಅಳತೆ ಇಲ್ಲ, ಮೇಲೂ ಕೆಳಗೂ ಸಮ. ಎಲ್ಲ ಅಡ್ಡ ಸಾಲು ಮುಗಿಸಿ, ಆಮೇಲೆ ಎಲ್ಲ ಉದ್ದ ಸಾಲು.

ನೀವು ನಿರ್ಧಾರ ಮಾಡಬೇಕಾದದ್ದು ಒಂದೇ: ಪ್ರತಿ ಸಾಲು ಮೇಲಿನಿಂದ (ಅಂದರೆ ಮೊದಲ ಹೊಲಿಗೆ ಬಟ್ಟೆಯ ಮೇಲೆ ಕಾಣುವಂತೆ) ಶುರುವೋ, ಅಡಿಯಿಂದ ಶುರುವೋ. ವಿನ್ಯಾಸ ಪೂರ್ತಿ ಅದರಿಂದಲೇ ಹುಟ್ಟುತ್ತದೆ. ಅಡ್ಡ, ಉದ್ದ ಎಲ್ಲ ಸಾಲುಗಳನ್ನೂ ಮೇಲಿನಿಂದ ಶುರು ಮಾಡಿ, ಬಿಡಿ ಬಿಡಿ ಪುಟ್ಟ ಚೌಕಗಳು ಬರುತ್ತವೆ. ಒಂದು ಸಾಲು ಮೇಲೆ, ಮುಂದಿನದು ಅಡಿ ಅಂತ ಎರಡೂ ಕಡೆ ಬದಲಾಯಿಸುತ್ತಾ ಹೋಗಿ, ಮೆಟ್ಟಿಲುಗಳು ಬರುತ್ತವೆ. ಅಡ್ಡ ಸಾಲು ಎಲ್ಲ ಒಂದೇ ಥರ ಇಟ್ಟು ಉದ್ದ ಸಾಲು ಮಾತ್ರ ಬದಲಾಯಿಸಿದರೆ ಕೋಟೆಯ ತೆನೆಗಳಂಥ ಅಂಕುಡೊಂಕು. ಬೇರೆ ಬೇರೆ ಕ್ರಮ ಹಿಡಿದರೆ ಕಾಕಿನೊಹಾನಾ, ಅಂದರೆ ಪರ್ಸಿಮನ್ ಎಂಬ ಹಣ್ಣಿನ ಗಿಡದ ಹೂವಿನಂಥ ವಿನ್ಯಾಸಗಳು ಸಿಗುತ್ತವೆ. ಅಡ್ಡ ಸಾಲು ಹಾಕುವಾಗ ಏನೂ ಕಾಣುವುದಿಲ್ಲ. ಉದ್ದ ಸಾಲು ಶುರುವಾದ ಮೇಲೆ ಹೂವು ತಾನಾಗೇ ಅರಳುತ್ತದೆ. ಆ ಹೊತ್ತು ನನಗೆ ಇಂದಿಗೂ ರೋಮಾಂಚನ.

ಇದರಲ್ಲಿ ಒಂದು ಚಂದದ ಗಣಿತ ಇದೆ. ಯಾವ ಚುಕ್ಕಿಯನ್ನೇ ನೋಡಿ (ಅಂಚಿನವು ಬಿಟ್ಟು), ಅಲ್ಲಿಗೆ ಬರುವುದು ಒಂದೇ ಅಡ್ಡ ಹೊಲಿಗೆ, ಒಂದೇ ಉದ್ದ ಹೊಲಿಗೆ. ಎಡಕ್ಕೆ ದಾರ ಇದ್ದರೆ ಬಲಕ್ಕೆ ಇರುವುದಿಲ್ಲ, ಮೇಲೆ ಇದ್ದರೆ ಕೆಳಗೆ ಇರುವುದಿಲ್ಲ. ಹಾಗಾಗಿ ಗೆರೆ ಎಲ್ಲೂ ಕವಲೊಡೆಯುವುದಿಲ್ಲ, ಪ್ರತಿ ಚುಕ್ಕಿಯಲ್ಲೂ ತಿರುಗುತ್ತಾ ಹೋಗುತ್ತದೆ. ಕವಲಿಲ್ಲದ ಗೆರೆಯನ್ನು ದಾಟಿದಾಗಲೆಲ್ಲ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಂತೆ. ಅದರಿಂದ ಯಾವ ಹಿತೊಮೆಜಾಶಿ ವಿನ್ಯಾಸವನ್ನಾದರೂ ಎರಡೇ ಬಣ್ಣದಲ್ಲಿ ತುಂಬಬಹುದು, ಅಕ್ಕಪಕ್ಕದ ಎರಡು ಜಾಗಕ್ಕೆ ಒಂದೇ ಬಣ್ಣ ಬರುವುದೇ ಇಲ್ಲ. ನೋಟ್‌ಬುಕ್ಕಿನ ಚೌಕುಳಿ ಹಾಳೆಯಲ್ಲಿ ಮಕ್ಕಳ ಜೊತೆ ಮಾಡಿ ನೋಡಿ.

ದಾರದ ಬಣ್ಣಕ್ಕೂ ಇದು ಕೆಲಸಕ್ಕೆ ಬರುತ್ತದೆ. ಅಡ್ಡ ಸಾಲಿಗೆಲ್ಲ ಸಾಸಿವೆ ಹಳದಿ, ಉದ್ದ ಸಾಲಿಗೆಲ್ಲ ಕೆಂಪು ಹಾಕಿ. ಪ್ರತಿ ಗೆರೆಯೂ ತಿರುಗಿದಲ್ಲೆಲ್ಲ ಬಣ್ಣ ಬದಲಾಗುತ್ತದೆ. ಮೆಟ್ಟಿಲಿನ ಹಾಸು ಒಂದು ಬಣ್ಣ, ನಿಲುವು ಇನ್ನೊಂದು. ಎರಡೇ ಲಡಿಯಲ್ಲಿ ತುಂಬಿದ ಬಣ್ಣದ ಕೆಲಸ. ಇನ್ನೂ ಬೇಕು ಅನ್ನಿಸಿದರೆ ಕುಗುರಿಜಾಶಿ ಇದೆ. ಮೊದಲು ಹಾಕಿದ ಹೊಲಿಗೆಗಳ ಅಡಿಯಲ್ಲಿ ಬೇರೆ ಬಣ್ಣದ ದಾರವನ್ನು ಬಟ್ಟೆ ಚುಚ್ಚದೆ ತೂರಿಸುತ್ತಾ ಹೋಗುವುದು. ಸೂಜಿಯನ್ನು ಹಿಂದುಮುಂದಾಗಿ ಹಿಡಿದು ಕಣ್ಣಿನ ಕಡೆಯಿಂದ ತೂರಿಸಿದರೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ಯಾವ ಬಣ್ಣ, ಯಾವ ಬಟ್ಟೆ

ಇಲ್ಲಿ ಹೆಚ್ಚಿನವರು ಎಡವುವುದು ಬಣ್ಣದ ಹೆಸರಿನಲ್ಲಿ ಅಲ್ಲ, ತಿಳಿ–ಗಾಢದಲ್ಲಿ. ಕೆಂಪು ಬೇರೆ, ಹಸಿರು ಬೇರೆ, ಸರಿ. ಆದರೆ ಎರಡೂ ಒಂದೇ ಗಾಢತೆಯಲ್ಲಿದ್ದರೆ ದೂರದಿಂದ ವಿನ್ಯಾಸ ಕಾಣುವುದೇ ಇಲ್ಲ. ಸಶಿಕೊದಲ್ಲಿ ಗೆರೆ ತುಂಡು ತುಂಡಾಗಿರುತ್ತದೆ, ಕಾಳು ಕಾಳನ್ನು ಕಣ್ಣೇ ಜೋಡಿಸಿಕೊಳ್ಳಬೇಕು. ಬಟ್ಟೆಗೂ ದಾರಕ್ಕೂ ವ್ಯತ್ಯಾಸ ಕಮ್ಮಿಯಾದರೆ ಆ ಜೋಡಣೆ ತಪ್ಪುತ್ತದೆ. ದಾರದ ಲಡಿಗಳನ್ನು ಬಟ್ಟೆಯ ಮೇಲೆ ಇಟ್ಟು ಫೋನಿನಲ್ಲಿ ಕಪ್ಪು–ಬಿಳುಪು ಫೋಟೊ ತೆಗೆಯಿರಿ. ಅದರಲ್ಲಿ ದಾರ ಎದ್ದು ಕಂಡರೆ ಬಟ್ಟೆಯ ಮೇಲೂ ಕಾಣುತ್ತದೆ.

ಬಣ್ಣ ಬದಲಾಗುವ ದಾರಕ್ಕೆ ಇನ್ನೊಂದು ಲೆಕ್ಕ. ಬಣ್ಣ ಬೇಗ ಬೇಗ ಬದಲಾದರೆ ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆ ಕಾಣುತ್ತದೆ. ನಿಧಾನವಾಗಿ ಬದಲಾದರೆ ಸಂಜೆಯ ಆಕಾಶದ ಹಾಗೆ ಒಂದು ಬಣ್ಣ ಇನ್ನೊಂದರೊಳಗೆ ಸೇರುತ್ತದೆ. ನಿಧಾನದ ದಾರ ಹಾಕುವಾಗ ಅಕ್ಕಪಕ್ಕದ ಸಾಲುಗಳನ್ನು ಕ್ರಮವಾಗಿ ಹೊಲಿಯಿರಿ, ಅಲ್ಲಿ ಇಲ್ಲಿ ಹಾರಬೇಡಿ. ಹೊಸ ತುಂಡು ಪೋಣಿಸುವಾಗಲೂ ಲಡಿಯಲ್ಲಿದ್ದ ದಿಕ್ಕಿನಲ್ಲೇ ಪೋಣಿಸಿ. ಇಂಥ ದಾರಕ್ಕೆ ಸರಳ ವಿನ್ಯಾಸವೇ ಚೆಂದ. ಅಸನೊಹಾದಂಥ ತುಂಬಿದ ವಿನ್ಯಾಸ, ಮೇಲೆ ಐದು ಬಣ್ಣ, ಎರಡೂ ಸೇರಿದರೆ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ.

ಬಟ್ಟೆ ಸಡಿಲ ನೇಯ್ಗೆಯ ಹತ್ತಿ ಇರಲಿ. ಜಪಾನಿನಲ್ಲಿ ಪಾತ್ರೆ ಒರೆಸುವ ಫುಕಿನ್ ಎಂಬ ಚೌಕ ಬಟ್ಟೆಗೆ ಸಶಿಕೊ ಹಾಕುವುದು ಬಹಳ ರೂಢಿ. ಅದಕ್ಕೆ ಬಳಸುವುದು ಸರಾಶಿ ಎಂಬ ಬಿಳಿ ಹತ್ತಿ ಬಟ್ಟೆ, ಅಗಲ ಸುಮಾರು 34 ಸೆಂಟಿಮೀಟರ್. ಅದನ್ನು ಎರಡು ಪದರ ಮಾಡಿ ಹೊಲಿಯುತ್ತಾರೆ. ನಮ್ಮಲ್ಲಿ ಖಾದಿ, ಕೋರಾ ಬಟ್ಟೆ ಚೆನ್ನಾಗಿ ಹೊಂದುತ್ತವೆ. ಕೊಗಿನ್ ಪ್ರಯತ್ನಿಸುವುದಾದರೆ ಕಸೂತಿ ಕಲಿಯಲು ಬಳಸುವ ಮ್ಯಾಟಿ ಬಟ್ಟೆ ತನ್ನಿ, ಎಳೆ ಎಣಿಸಲು ಸುಲಭ. ಒತ್ತಾಗಿ ನೇಯ್ದ ಬೆಡ್‌ಶೀಟ್ ಬಟ್ಟೆ ಬೇಡ, ದಪ್ಪ ದಾರ ಎಳೆಯುವಷ್ಟರಲ್ಲಿ ಬೆರಳು ನೋಯುತ್ತದೆ. ಯಾವ ಬಟ್ಟೆಯಾದರೂ ಹೊಲಿಯುವ ಮೊದಲು ಒಗೆಯಿರಿ. ಗಾಢ ಕೆಂಪು, ನೀಲಿ ದಾರದ ಚಿಕ್ಕ ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ. ಬಣ್ಣ ಬಿಟ್ಟರೆ ಬಿಳಿ ಫುಕಿನ್‌ಗೆ ಆ ದಾರ ಬೇಡ.

ಶುರು ಮಾಡುವವರಿಗೆ ನಾನು ಹೇಳುವುದು ಕೋಸ್ಟರ್. 12 ಸೆಂಟಿಮೀಟರ್ ಚೌಕದ ಎರಡು ತುಂಡು ಬಟ್ಟೆ ತೆಗೆದುಕೊಳ್ಳಿ. ಮೇಲಿನ ತುಂಡಿನ ನಡುವೆ 9 ಸೆಂಟಿಮೀಟರ್ ಚೌಕದಲ್ಲಿ 5 ಮಿಲಿಮೀಟರ್ ಚೌಕುಳಿ ಬರೆದು, ಎರಡು ಬಣ್ಣದ ಮೆಟ್ಟಿಲು ಹಿತೊಮೆಜಾಶಿ ಹಾಕಿ. ಸಾಲಿನ ಕೊನೆಗೆ ಬಂದಾಗ ಚೌಕದ ಹೊರಗೆ ತಿರುಗಿ ಮುಂದಿನ ಸಾಲಿಗೆ ಹೋದರಾಯಿತು, ಪ್ರತಿ ಸಲ ದಾರ ಕತ್ತರಿಸಬೇಕಿಲ್ಲ. ಆಮೇಲೆ ಎರಡು ತುಂಡುಗಳ ಒಳ್ಳೆಯ ಬದಿ ಒಳಗೆ ಬರುವಂತೆ ಇಟ್ಟು, ಅಂಚಿನಿಂದ 1 ಸೆಂಟಿಮೀಟರ್ ಬಿಟ್ಟು ಸುತ್ತ ಹೊಲಿಯಿರಿ. ಒಂದು ಬದಿಯಲ್ಲಿ 4 ಸೆಂಟಿಮೀಟರ್ ಬಾಯಿ ಬಿಡಿ. ಮೂಲೆಗಳನ್ನು ಕೊಂಚ ಕತ್ತರಿಸಿ, ಬಾಯಿಯಿಂದ ಮಗುಚಿ, ಬಾಯಿ ಮುಚ್ಚಿ ಹೊಲಿಯಿರಿ. ಹಿಂಬದಿಯ ದಾರವೆಲ್ಲ ಒಳಗೆ ಅಡಗುವುದರಿಂದ ಇಲ್ಲಿ ಗಂಟು ಹಾಕಿದರೂ ತೊಂದರೆಯಿಲ್ಲ.

ಗೆರೆ ಬರೆಯಲು ನೀರಿಗೆ ಅಳಿಯುವ ಪೆನ್ ಬಳಸಿದ್ದರೆ ಮುಗಿದ ಕೂಡಲೇ ಇಸ್ತ್ರಿ ಮಾಡಬೇಡಿ. ಬಿಸಿ ತಾಗಿದರೆ ಕೆಲವು ಪೆನ್ನಿನ ಗೆರೆ ಹೋಗದೆ ಉಳಿದುಬಿಡುತ್ತದೆ. ಮೊದಲು ತಣ್ಣೀರಿನಲ್ಲಿ ಪೂರ್ತಿ ಮುಳುಗಿಸಿ, ಹಿಂಡದೆ ಟವೆಲ್ ನಡುವೆ ಒತ್ತಿ, ನೆರಳಿನಲ್ಲಿ ಚಪ್ಪಟೆಯಾಗಿ ಒಣಗಿಸಿ. ನೀಲಿ ಗೆರೆಗಳು ಹೋಗಿರುತ್ತವೆ. ಸಡಿಲ ಹುರಿಯ ದಾರ ನೀರು ಕುಡಿದು ಸ್ವಲ್ಪ ಉಬ್ಬಿ, ಕಾಳು ಕಾಳಾಗಿ ಎದ್ದು ನಿಂತಿರುತ್ತದೆ. ಇಸ್ತ್ರಿ ಬೇಕೇ ಬೇಕು ಅಂದರೆ ಹಿಂಬದಿಯಿಂದ, ಅಡಿಗೆ ಮೆತ್ತನೆ ಟವೆಲ್ ಹಾಸಿಕೊಂಡು, ಹಗುರವಾಗಿ.